ಸನ್ನತಿಗೆ ಒಂದು ಸಂಜೆಯ ಬಸ್ಸು: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಕಲಬುರಗಿ

ನಮಸ್ಕಾರ.

ಈ ಪತ್ರ ಒಂದು ಬಸ್ಸಿನ ಬಗ್ಗೆ. ಅರ್ಜಿಯಾಗಿದ್ದರೆ ಅರ್ಧ ಪುಟದಲ್ಲಿ ಮುಗಿಸಿ, ಆವಕ ವಿಭಾಗದಲ್ಲಿ ಕೊಟ್ಟು, ಮೊಹರು ಒತ್ತಿದ ಪ್ರತಿ ಇಟ್ಟುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಬಸ್ಸಿಗೆ ಬರುವ ಮೊದಲು ನಮ್ಮ ಆಯಿಯ, ಅಂದರೆ ಅಜ್ಜಿಯ, ಸಂಗತಿ, ಹೊಳೆಯ ಸಂಗತಿ, ಒಂದು ಒಡೆದ ಕಲ್ಲಿನ ಸಂಗತಿ ಹೇಳದೆ ನಿರ್ವಾಹವಿಲ್ಲ. ಹಾಗಾಗಿ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಬಿಡುವಾದಾಗ ಓದಿ.

ನಮ್ಮ ಮನೆ ಬ್ರಹ್ಮಪುರದಲ್ಲಿ. ಊರಿಗೆ ಆಗ ಗುಲಬರ್ಗಾ ಎಂದೇ ಹೆಸರು. 1980ರ ದಶಕದಲ್ಲಿ ನಮ್ಮಂಥ ಮನೆಗಳಿಗೆ ‘ಪ್ರವಾಸ’ ಎಂಬ ಪದವೇ ಇರಲಿಲ್ಲ. ‘ಸನ್ನತಿಗಿ ಹೋಗೋದು’ ಅಂತಿತ್ತು. ಸನ್ನತಿ ಅಂದರೆ ನಮ್ಮ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ಭೀಮಾ ಹೊಳೆಯ ದಂಡೆಗಿರುವ ಊರು, ಚಂದ್ರಲಾಂಬಾ ದೇವಿಯ ಕ್ಷೇತ್ರ. ವರ್ಷಕ್ಕೆ ಎರಡು ಸಲ, ಮಳೆಗಾಲ ಮುಗಿದ ಮೇಲೊಮ್ಮೆ, ಚಳಿಯಲ್ಲೊಮ್ಮೆ, ಯಾವುದಾದರೂ ರವಿವಾರ ನಸುಕಿನಲ್ಲೇ ಆಯಿ ಎಲ್ಲರನ್ನೂ ಎಬ್ಬಿಸುತ್ತಿದ್ದಳು. ಅಪ್ಪ, ಅವ್ವ, ಕಾಕಾ, ಕಾಕು, ನಾವು ಆರು ಜನ ಹುಡುಗರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಒಂದು ಗಂಟಿನಲ್ಲಿ, ಮೊಸರನ್ನದ ಬುತ್ತಿ ಇನ್ನೊಂದರಲ್ಲಿ. ದೇವಿಗೆ ಐದು ತೆಂಗಿನಕಾಯಿ ಬೇರೆ ಚೀಲದಲ್ಲಿ. ಆ ಚೀಲವನ್ನು ಆಯಿ ಯಾರ ಕೈಗೂ ಕೊಡುತ್ತಿರಲಿಲ್ಲ.

ಪ್ಯಾಸೆಂಜರ್ ಗಾಡಿ ಶಹಾಬಾದ್ ದಾಟುವಾಗ ಹಳಿಯ ಪಕ್ಕದಲ್ಲಿ ಫರ್ಸಿ ಕಲ್ಲಿನ ಒಟ್ಟಿಲುಗಳು ಕಾಣುತ್ತಿದ್ದವು, ಯಾರೋ ದೊಡ್ಡ ದೊಡ್ಡ ರೊಟ್ಟಿ ಬಡಿದು ಪೇರಿಸಿಟ್ಟ ಹಾಗೆ. ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು. ಸಿಮೆಂಟಿನ ಧೂಳಿಗೆ ಅಲ್ಲಿಯ ಬೇವಿನ ಗಿಡಗಳೂ ಬೂದಿ ಬಳಿದುಕೊಂಡಿರುತ್ತಿದ್ದವು. ನಾಲವಾರದಲ್ಲಿ ಇಳಿದರೆ ಮುಂದೆ ಜೀಪು. ಡ್ರೈವರನ ಎಡಕ್ಕೆ ಮೂವರು, ಬಲಕ್ಕೆ ಒಬ್ಬ. ಆ ‘ಬಲಕ್ಕೆ ಒಬ್ಬ’ ಯಾವಾಗಲೂ ನಮ್ಮ ಕಾಕಾ. ಅರ್ಧ ದೇಹ ಜೀಪಿನ ಹೊರಗೇ ಇರುತ್ತಿತ್ತು.

ನಮಗೆ ಹುಡುಗರಿಗೆ ದೇವಿಯೇನೂ ಮುಖ್ಯಳಲ್ಲ, ಕ್ಷಮಿಸಬೇಕು. ನಮಗೆ ಬೇಕಾದದ್ದು ಚಂದ್ರಲಾಂಬೆಯ ಗುಡಿಯ ಹಿಂದಿನ ಭೀಮಾ ಹೊಳೆ. ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಹುಡುಗಿ ಬೇಸಿಗೆ ಸೂಟಿಗೆ ಮುಂಬೈಗೆ ಹೋಗಿ ಸಮುದ್ರ ನೋಡಿಕೊಂಡು ಬಂದಿದ್ದಳು. ಆ ಉರಿಗೆ ನಾನು ಮನೆಯಲ್ಲಿ ಅತ್ತಾಗ ಆಯಿ ಅಂದಿದ್ದಳು: “ಸಮುದ್ರ ಅಂದ್ರ ಏನು? ನೀರು, ಉಸುಕು, ಗಾಳಿ. ನಮ್ಮ ಹೊಳ್ಯಾಗ ಇದರೊಳಗ ಯಾವುದಿಲ್ಲ ಹೇಳು?” ಆಯಿ ಸಮುದ್ರ ಕಂಡವಳಲ್ಲ, ಕಾಣದೆಯೇ ಹೋದಳು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಸನ್ನತಿಯ ಉಸುಕಿನ ದಂಡೆಗೆ ಸಮುದ್ರವೆಂದೇ ಹೆಸರು ಬಿತ್ತು. ಉಸುಕಿನಲ್ಲಿ ಮನೆ ಕಟ್ಟುವುದು, ಚರಗಿಯಲ್ಲಿ ಮೀನು ಹಿಡಿಯಲು ಹೋಗಿ ಚರಗಿಯನ್ನೇ ಹೊಳೆಗೆ ಬಿಡುವುದು, ಆಚೆ ದಡದ ಹುರಸಗುಂಡಗಿಯಲ್ಲಿ ಅರಿವೆ ಒಗೆಯುವ ಹೆಂಗಸರನ್ನು ಕೂಗಿ ಕರೆಯುವುದು. ಅವರೂ ಕೂಗುತ್ತಿದ್ದರು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಮುಂದೆ ಇಪ್ಪತ್ತಾರನೇ ವಯಸ್ಸಿಗೆ ಕಾರವಾರದಲ್ಲಿ ನಿಜವಾದ ಸಮುದ್ರದ ಎದುರು ನಿಂತಾಗ ನನಗೆ ಮೊದಲು ಅನಿಸಿದ್ದು, ಇಲ್ಲಿ ಕೂಗಿದರೆ ಓ ಅನ್ನುವವರು ಯಾರೂ ಇಲ್ಲ ಎಂದು.

ಆಯಿಯ ಮಾತು ಇನ್ನೊಂದು ರೀತಿಯಲ್ಲೂ ಖರೇ ಆಯಿತು. ನಾನು ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ಪಾಠಕ್ಕೆಂದು ಓದುವಾಗ ತಿಳಿಯಿತು: ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಈ ಭೀಮಾ ತೀರದ ಸೀಮೆಯನ್ನೆಲ್ಲ ಮುಚ್ಚಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಕಲಬುರಗಿಯ ಅಡುಗೆಮನೆ, ಅಂಗಳ, ಕಚೇರಿಗಳ ನೆಲದಲ್ಲೆಲ್ಲ ನಾವು ಓಡಾಡುವುದು ಆ ಸಮುದ್ರದ ತಳದ ಮೇಲೆ. ಎರಡು ಸಾವಿರ ವರ್ಷದ ಹಿಂದೆ ಸನ್ನತಿಯ ಶಿಲ್ಪಿಗಳು ಬುದ್ಧನ ಕಥೆಗಳನ್ನು ಕೆತ್ತಿದ್ದೂ ಈ ಸೀಮೆಯ ಸುಣ್ಣದ ಕಲ್ಲಿನ ಮೇಲೆಯೇ.

ಈಗ ಒಡೆದ ಕಲ್ಲಿನ ಸಂಗತಿ. ಇದು ನಿಮಗೆ ಸಂಬಂಧಪಟ್ಟದ್ದು.

1986ರಲ್ಲಿ ನನಗೆ ಎಂಟು ವರ್ಷ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು ಕುಸಿದು ಬಿತ್ತು. ಸುದ್ದಿ ತಿಳಿದು ಆಯಿ ಎರಡು ದಿನ ಊಟ ಬಿಟ್ಟಳು. “ಅವ್ವ ಸಿಟ್ಟಾಗ್ಯಾಳ” ಎಂಬುದು ಅವಳ ತೀರ್ಮಾನ. ಆದರೆ ಕಲ್ಲು ಮಣ್ಣು ಸರಿಸಿದಾಗ ಕಂಡದ್ದು ಬೇರೆ: ಕಾಳಿ ನಿಂತಿದ್ದ ಪೀಠ ಬರಿಯ ಪೀಠವಲ್ಲ, ಅಶೋಕನ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಕಲ್ಲಿನ ಎರಡೂ ಮಗ್ಗುಲಿಗೆ ಬರಹ. ದೇವಿಯನ್ನು ನಿಲ್ಲಿಸಲೆಂದು ನಡುವೆ ಚೌಕಾಗಿ ಕೊರೆದಿದ್ದರಿಂದ ಅಲ್ಲಿಯ ಅಕ್ಷರಗಳು ಹೋಗಿಬಿಟ್ಟಿದ್ದವು. ಸನ್ನತಿಯ ಮಹತ್ವವನ್ನು ಇತಿಹಾಸ ಸಂಶೋಧಕ ಕಪಟರಾಳ ಕೃಷ್ಣರಾಯರು 1954ರಲ್ಲೇ ಗುರುತಿಸಿ ಹೇಳಿದ್ದರು. ಆದರೂ ದೇವಿಯ ಕಾಲಡಿ ಇಂಥದ್ದೊಂದು ಇದ್ದೀತೆಂದು ಯಾರಿಗೆ ಗೊತ್ತು? ಅದೇ ಪೀಠಕ್ಕೆ ನಾವೂ ಹಣೆ ಹಚ್ಚಿ ಬಂದವರು. ಅಪ್ಪ ಇದನ್ನೆಲ್ಲ ಆಯಿಗೆ ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಷ್ಟು ವರ್ಷ ನಮ್ಮವ್ವ ಆತನ ಚಿಟ್ಟಿ ಕಾಲಾಗಿಟ್ಟು ಕಾಯ್ದಾಳಲ್ಲ, ಆತ ಆಕಿಗೇನು ಕೊಟ್ಟಾನ?”

ಆಯಿ ‘ಚಿಟ್ಟಿ’ ಅಂದದ್ದು ಬಾಯಿಗೆ ಬಂದಂತೆ. ಆದರೆ ಅದು ಚಿಟ್ಟಿಯೇ, ಸಾಹೇಬರೇ. ಆ ಕಲ್ಲಿನಲ್ಲಿ ಇರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಭಾಗ, ಜೊತೆಗೆ ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ ಎರಡು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಅವು ಪ್ರಜೆಗಳಿಗೆ ಬರೆದವಲ್ಲ. ನಗರದ ನ್ಯಾಯ ನೋಡುವ ಮಹಾಮಾತ್ರರಿಗೆ, ಅಂದರೆ ಆ ಕಾಲದ ನಿಮ್ಮಂಥ ಅಧಿಕಾರಿಗಳಿಗೆ ಬರೆದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಅನ್ನುತ್ತಾನೆ ರಾಜ. ಆಮೇಲೆ ಅಧಿಕಾರಿಗೆ ಯಾವುದು ಇರಬಾರದು ಎಂಬ ಪಟ್ಟಿ ಕೊಡುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಕಠೋರತೆ, ಅವಸರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಈ ‘ದಣಿವು’ ಎಂಬ ಮಾತು ಓದಿದಾಗ ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ನಿಮ್ಮ ಮೇಜಿನ ಮೇಲಿನ ಕಡತಗಳ ಎತ್ತರ ನೋಡಿದವಳು ನಾನು. ರಾಜ ಅಷ್ಟಕ್ಕೇ ಬಿಡುವುದಿಲ್ಲ: ನನ್ನ ಮಾತು ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ನೋಡಲು ಐದು ವರ್ಷಕ್ಕೊಮ್ಮೆ ಒರಟನಲ್ಲದ, ಮೃದು ನಡತೆಯ ಅಧಿಕಾರಿಯನ್ನು ಸುತ್ತಾಡಲು ಕಳಿಸುತ್ತೇನೆ ಎಂದೂ ಹೇಳುತ್ತಾನೆ. ಐದು ವರ್ಷಕ್ಕೊಮ್ಮೆ ಬರುವವರ ಅಭ್ಯಾಸ ನಮಗೂ ಇದೆ, ಮೃದು ನಡತೆಯ ಮಾತು ಬೇರೆ. ಇನ್ನೊಂದು ಆಜ್ಞೆ: ಈ ಬರಹವನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಬೇಕು; ನಡುವೆಯೂ ಓದಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ. ತಿಷ್ಯ ಅಂದರೆ ನಮ್ಮ ಪುಷ್ಯ. ತಿಂಗಳಿಗೊಮ್ಮೆಯಂತೂ ಬಂದೇ ಬರುತ್ತದೆ.

ಕಳೆದ ಡಿಸೆಂಬರಿನಲ್ಲಿ ನಾನು ಅವ್ವನನ್ನು ಕರೆದುಕೊಂಡು ಸನ್ನತಿಗೆ ಹೋದೆ. ಅವಳಿಗೆ ಎಪ್ಪತ್ತೆಂಟು. ನನ್ನ ತಂಗಿಯ ಮಗನೂ ಇದ್ದ, ಒಂಬತ್ತು ವರ್ಷದವನು. ನಾವು ಸನ್ನತಿಗೆ ಹೋಗುವುದು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಇದರಲ್ಲಿ ಸರಕಾರದ ತಪ್ಪೇನಿಲ್ಲ. ಆಯಿ ಹೋದಳು, ಕಾಕಾನ ಮಕ್ಕಳು ಪುಣೆ, ಬೆಂಗಳೂರು ಸೇರಿದರು, ನಾವು ಕಾರು ತಗೊಂಡೆವು, ರವಿವಾರ ಬಂದರೆ ಹೈದರಾಬಾದಿನ ಕಡೆ ಮೂತಿ ತಿರುಗಿಸುವುದು ಕಲಿತೆವು. ಮನೆ ಬಾಗಿಲಲ್ಲಿ ಕಾರು ಇದ್ದರೂ ಅವ್ವ ಹತ್ತಲಿಲ್ಲ. “ಕಾರಿನ್ಯಾಗ ಹೋದ್ರ ಅದು ಸನ್ನತಿ ಆಗಂಗಿಲ್ಲ” ಅಂದಳು. ಸರಿ, ಮತ್ತೆ ರೈಲು, ಮತ್ತೆ ನಾಲವಾರ. ಜೀಪಿನ ಬದಲು ಟಂಟಂ ಆಟೋ.

ಹೊಳೆಗೆ ಈಗ ಸೇತುವೆ ಸಹಿತ ಬ್ಯಾರೇಜ್ ಬಂದಿದೆ. ಒಳ್ಳೆಯದೇ ಆಯಿತು. ಆಚೆ ದಡದ ಯಾದಗಿರಿ ಜಿಲ್ಲೆಯವರಿಗೆ ದಾರಿಯಾಯಿತು, ಹೊಲಗಳಿಗೆ ನೀರಾಯಿತು. ಆದರೆ ನಮ್ಮ ‘ಸಮುದ್ರ’ ಕಾಣಲಿಲ್ಲ. ಅವ್ವ ದಂಡೆಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಹುಡುಕಿದಳು. ಉಸುಕಿನ ದಂಡೆ ನಿಂತ ನೀರಿನಡಿ ಮುಳುಗಿತೋ, ಲಾರಿ ಹತ್ತಿ ಯಾವುದೋ ಊರಿನ ಮಹಡಿ ಮನೆಯಾಯಿತೋ, ನಾನು ಹೇಳಲಾರೆ. ಹುಡುಗ ಕೇಳಿದ, “ದೊಡ್ಡವ್ವಾ, ನೀ ಸಮುದ್ರ ಅಂತಿದ್ದಿ?” ನಾನು ಆಚೆ ದಡಕ್ಕೆ ಒಮ್ಮೆ ಜೋರಾಗಿ ಕೂಗಿ ತೋರಿಸಿದೆ. ಯಾರೂ ಓ ಅನ್ನಲಿಲ್ಲ. ಮೀನಿನ ಬಲೆ ಬಿಡಿಸುತ್ತ ಕೂತಿದ್ದ ಒಬ್ಬರು ಮಾತ್ರ ಗಾಬರಿಯಾಗಿ ಎದ್ದು ನಿಂತು, “ಯಾರರ ಬಿದ್ದಾರೇನ್ರಿ?” ಅಂದರು. ನಾಚಿಕೆಯಾಯಿತು. ಅವರೇ ಹೇಳಿದರು, ಗೇಟು ತೆಗೆದಾಗ ನೀರು ಹೇಗೆ ಒಮ್ಮೆಲೇ ಬರುತ್ತದೆ, 2020ರ ಅಕ್ಟೋಬರಿನ ಮಹಾಪೂರದಲ್ಲಿ ಹೊಳೆ ಎಲ್ಲೆಲ್ಲಿಗೆ ಬಂದಿತ್ತು ಎಂದು. ಅದೇ ಭೀಮೆ ಬೇಸಿಗೆಯಲ್ಲಿ ಅಫಜಲಪುರದ ಕಡೆ ಕುಡಿಯುವ ನೀರಿಗೂ ಜನ ಧರಣಿ ಕೂರುವಂತೆ ಒಣಗುತ್ತಾಳೆ. ಮಕ್ಕಳು ನೀರಿಗಿಳಿಯುವಲ್ಲಿ ಇಲ್ಲಿಂದ ಮುಂದೆ ಆಳ ಎಂದು ಹೇಳುವ ಒಂದು ಕಂಬ, ಒಂದು ಸರಪಳಿ ಹಾಕಿಸಿದರೆ ಪುಣ್ಯ ಬರುತ್ತದೆ. ಈ ಮಾತು ಇಲ್ಲಿಗೇ ಬಿಡುತ್ತೇನೆ.

ಮಧ್ಯಾಹ್ನ ಕನಗನಹಳ್ಳಿಗೆ ಹೋದೆವು, ಸನ್ನತಿಗೆ ಕೂಗಳತೆಯ ಊರು. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾಲಯದವರು ಅಗೆದಾಗ ಇಲ್ಲಿ ಮಹಾಸ್ತೂಪ ಸಿಕ್ಕಿತು. ಅಲ್ಲಿಯ ಶಾಸನಗಳೇ ಅದನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ರಾಜ, ರಾಣಿ, ಛತ್ರ ಚಾಮರ ಹಿಡಿದವರು ಇರುವ ಒಂದು ಫಲಕದ ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಎಂದು ಬರೆದಿದೆ. ಹೆಸರಿನ ಸಮೇತ ಅಶೋಕನ ಮೂರ್ತಿ ಸಿಕ್ಕಿದ್ದು ನಮ್ಮ ಚಿತ್ತಾಪುರ ತಾಲೂಕಿನಲ್ಲಿ. ಪಾಟಲಿಪುತ್ರದಲ್ಲಲ್ಲ, ಸಾರನಾಥದಲ್ಲಲ್ಲ. ಅಗೆದು ತೆಗೆದ ಶಿಲ್ಪಗಳು ಎಷ್ಟೋ ವರ್ಷ ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿದ್ದವು. ಜೀರ್ಣೋದ್ಧಾರದ ಕೆಲಸ ಶುರುವಾದದ್ದು 2022ರಲ್ಲಿ. ತಡವಾದರೂ ಆಯಿತಲ್ಲ ಎಂದು ನಾನು ಸಮಾಧಾನಪಟ್ಟವಳೇ.

ನನಗೆ ಅತ್ಯಂತ ಇಷ್ಟವಾದ ಫಲಕ ಮಾತ್ರ ಅಶೋಕನದಲ್ಲ. ಶಾತವಾಹನ ರಾಜನೊಬ್ಬ ಸ್ತೂಪಕ್ಕೆ ಹೂ ಅರ್ಪಿಸುತ್ತಿದ್ದಾನೆ. ಕೆಳಗೆ ಒಂದು ಸಾಲು: ರಾಜ ಸಾತಕಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಒಪ್ಪಿಸುತ್ತಿದ್ದಾನೆ ಎಂದು. ಇದನ್ನು ಓದಿ ಹೇಳಿದಾಗ ಅವ್ವ ತಟ್ಟನೆ ಕೇಳಿದಳು, “ಆ ಬೆಳ್ಳಿ ಹೂ ಈಗ ಎಲ್ಲಿ ಅವ?” ಹುಡುಗನಿಗೆ ನಗು ತಡೆಯಲಾಗಲಿಲ್ಲ. ನಮ್ಮ ಜೊತೆ ಬಂದಿದ್ದ ಟಂಟಂನ ಹುಡುಗ, ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು, ದಿನಾ ಆ ದಾರಿಯಲ್ಲಿ ಹೋಗಿ ಬರುವವನು, ಮೊದಲ ಸಲ ಒಳಗೆ ಬಂದಿದ್ದನಂತೆ. “ನಾವು ಓದ್ಲಿಕ್ಕ ಬರಂಗಿಲ್ಲಲ್ರಿ ಮೇಡಂ, ಅದಕ್ಕ ಬರ್ಲಿಲ್ಲ” ಅಂದ. ಹತ್ತನೇ ಇಯತ್ತೆ ಪಾಸಾದ ಹುಡುಗ. ಅವನು ಓದಲು ಬರುವುದಿಲ್ಲ ಅಂದದ್ದು ಬ್ರಾಹ್ಮಿಯನ್ನಲ್ಲ. ಅಲ್ಲಿರುವುದೆಲ್ಲ ಓದಿದವರಿಗೆ, ದೂರದವರಿಗೆ ಸೇರಿದ್ದು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾನು ಅವನಿಗೆ ಕಲ್ಲಿನ ಚಿಟ್ಟಿಯ ಕಥೆ ಹೇಳಿದೆ. ಅಧಿಕಾರಿಗಳಿಗೆ ಬರೆದದ್ದು ಅಂದ ಕೂಡಲೇ ಅವನ ಕಣ್ಣು ಅರಳಿತು. “ತಹಶೀಲ್ದಾರರಿಗೆ ಬೈದಾನೇನ್ರಿ?” ಅಂದ.

ಸಂಜೆ ನಾಲ್ಕಕ್ಕೆ ಟಂಟಂನವನಿಗೆ ಬೇರೆ ಬಾಡಿಗೆ ಇತ್ತು, ನಮ್ಮನ್ನು ಊರ ಮುಂದೆ ಬಿಟ್ಟು ಹೋದ. ಬಸ್ಸಿನಲ್ಲಿ ಹೋದರಾಯಿತು ಎಂದು ಕೂತೆವು. ಐದಾಯಿತು. ಬಸ್ಸು ಹೋಗಿಯಾಯಿತು ಅಂದರು ಒಬ್ಬರು. ಇವತ್ತು ಬಂದೇ ಇಲ್ಲ ಅಂದರು ಇನ್ನೊಬ್ಬರು. ಬಂದರೂ ಬರಬಹುದು ಅಂದರು ಮೂರನೆಯವರು, ಇವರ ಮಾತೇ ನಮ್ಮನ್ನು ಕೆಡಿಸಿದ್ದು. ಅವ್ವನಿಗೆ ಮೊಣಕಾಲು ನೋವು. ಒಂದು ಶೌಚಾಲಯ ಕಂಡಿತು, ಬಾಗಿಲಿಗೆ ಕೀಲಿ. ಕೀಲಿ ಯಾರ ಹತ್ತಿರ ಎಂದು ಕೇಳುತ್ತ ಹೋದಾಗ ಒಬ್ಬ ತಾಯಿ ನಮ್ಮನ್ನು ತಮ್ಮ ಮನೆಗೇ ಕರೆದುಕೊಂಡು ಹೋಗಿ, ಕೈಕಾಲಿಗೆ ನೀರು ಕೊಟ್ಟು, ಚಹಾ ಮಾಡಿ ಕೊಟ್ಟರು. ಅಂಥವರು ಇರುವುದರಿಂದಲೇ ನಮ್ಮ ಕಡೆ ಎಷ್ಟೋ ವ್ಯವಸ್ಥೆ ಇಲ್ಲದಿದ್ದರೂ ನಡೆದುಬಿಡುತ್ತದೆ, ಹಾಗಾಗಿಯೇ ಆಗುವುದೂ ಇಲ್ಲ. ಕೊನೆಗೆ ಹತ್ತಿ ತುಂಬಿದ ಒಂದು ಟೆಂಪೊ ಸಿಕ್ಕಿತು. ಅವ್ವ ಡ್ರೈವರನ ಪಕ್ಕ, ನಾನು ಮತ್ತು ಹುಡುಗ ಹಿಂದೆ ಹತ್ತಿಯ ಅಂಡಿಗೆಗಳ ಮೇಲೆ. ಅವನಿಗಂತೂ ಇಡೀ ದಿನದಲ್ಲಿ ಇದೇ ಬಹಳ ಮಜಾ ಅನ್ನಿಸಿತು. ನಾಲವಾರ ಮುಟ್ಟುವಷ್ಟರಲ್ಲಿ ಗಾಡಿ ಹೋಗಿತ್ತು. ಮುಂದಿನದು ಬರುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ಉಳಿದ ರೊಟ್ಟಿ ತಿನ್ನುತ್ತ ಕೂತೆವು.

ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಪ್ರವಾಸೋದ್ಯಮ ಅಂದ ತಕ್ಷಣ ನಮ್ಮಲ್ಲಿ ನಡೆಯುವ ಲೆಕ್ಕಾಚಾರ ನೋಡಿ ಭಯವಾಗಿ ಹೇಳುತ್ತಿದ್ದೇನೆ. ಬಣ್ಣದ ಕಾರಂಜಿ, ದೊಡ್ಡ ಕಮಾನು, ಕಮಾನಿನ ಮೇಲೆ ದೊಡ್ಡವರ ಫೋಟೊ. ಈ ಸೀಮೆಗೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು, ಅದಕ್ಕೂ ಮೊದಲು ಸಂವಿಧಾನದಲ್ಲಿ ಈ ಸೀಮೆಗೆ ವಿಶೇಷ ಸ್ಥಾನ ಕೊಡುವ 371(ಜೆ) ಬಂತು, ಅಭಿವೃದ್ಧಿಗೆ ಮಂಡಳಿಯೂ ಇದೆ. ದುಡ್ಡಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ನನ್ನ ಅನುಮಾನ ಬೇರೆ. ಯೋಜನೆ ಹಾಕುವವರ ಕಣ್ಣ ಮುಂದೆ ವಿಮಾನದಲ್ಲಿ ಬಂದು ಇಳಿಯುವ ಪ್ರವಾಸಿಗ ಇರುತ್ತಾನೆ. ರೊಟ್ಟಿ ಗಂಟು ಹಿಡಿದು ಮುಂಜಾನೆ ಬಂದು ಸಂಜೆ ಮನೆ ಸೇರಬೇಕಾದ ಹತ್ತು ಜನರ ಸಂಸಾರ ಇರುವುದಿಲ್ಲ. ಸನ್ನತಿಯನ್ನು ಇಷ್ಟು ಕಾಲ ಉಳಿಸಿದ್ದು ಆ ಸಂಸಾರಗಳೇ. ಅವರು ಅಲ್ಲಿ ಅಶೋಕನನ್ನು ಹುಡುಕಿ ಹೋದವರಲ್ಲ. ಮಗುವಿನ ಜವಳ, ಹರಕೆ, ಹೊಳೆ, ಊಟ ಎಂದು ಹೋದವರು.

ಆದ್ದರಿಂದ ಒಂದು ಬಸ್ಸು ಕೊಡಿ. ರವಿವಾರ ಮತ್ತು ಸೂಟಿಯ ದಿನಗಳಲ್ಲಿ ಮುಂಜಾನೆ ಕಲಬುರಗಿ ಬಿಟ್ಟು, ನಾಲವಾರದಲ್ಲಿ ರೈಲಿನವರನ್ನು ಹತ್ತಿಸಿಕೊಂಡು, ಕನಗನಹಳ್ಳಿಯಲ್ಲೊಮ್ಮೆ ನಿಂತು ಸನ್ನತಿಗೆ ಹೋಗುವುದು. ಸಂಜೆ ಐದಕ್ಕೆ ಅಲ್ಲಿಂದ ಹೊರಡುವುದು, ಒಬ್ಬರೇ ಇದ್ದರೂ ಹೊರಡುವುದು. ಈ ‘ಒಬ್ಬರೇ ಇದ್ದರೂ’ ಎಂಬುದನ್ನು ನಾನು ಅಶೋಕನಿಂದ ಕಡ ತಂದಿದ್ದೇನೆ. ಹೊರಡುವ ವೇಳೆಯನ್ನು ಗುಡಿಯ ಮುಂದೆ ಬಣ್ಣದಲ್ಲಿ ಬರೆಸಿ. ಎಷ್ಟು ಜನ ಬರುತ್ತಾರೆ ಎಂದು ಮೊದಲು ಸಮೀಕ್ಷೆ ಮಾಡಿಸಬೇಡಿ. ಬಸ್ಸಿಲ್ಲದ ಊರಿಗೆ ಎಷ್ಟು ಜನ ಬರುತ್ತಾರೆ ಎಂಬ ಸಮೀಕ್ಷೆಯ ಉತ್ತರ ಮಾಡದೆಯೇ ಗೊತ್ತು. ಎರಡು ವರ್ಷ ಓಡಿಸಿ, ಆಮೇಲೆ ಎಣಿಸಿ.

ಬಸ್ಸಿನ ಜೊತೆಗೆ ಒಂದು ಓದು. ಆ ಕಲ್ಲಿನ ಪತ್ರವನ್ನು, ಒಡೆದುಹೋದ ಕಡೆ ಕಳಿಂಗದ ಪ್ರತಿಗಳಿಂದ ತುಂಬಿಕೊಂಡು, ಚಿತ್ತಾಪುರದ ಕನ್ನಡದಲ್ಲಿ ಬರೆಸಿ ಹೊಳೆಯ ದಂಡೆಯಲ್ಲಿ ಶಹಾಬಾದಿ ಕಲ್ಲಿನ ಮೇಲೆಯೇ ಕೆತ್ತಿಸಿ. ಕಲ್ಲಿಗಾಗಲಿ, ಕಲ್ಲು ಕೆಲಸದವರಿಗಾಗಲಿ ನಮ್ಮಲ್ಲಿ ಬರವಿಲ್ಲ. ಕನಗನಹಳ್ಳಿಯ ಪ್ರತಿ ಫಲಕಕ್ಕೂ ನಾಲ್ಕು ಸಾಲು ಕನ್ನಡ ಇರಲಿ, ಟಂಟಂನ ಹುಡುಗ ನಿಂತು ಓದುವಷ್ಟು ದೊಡ್ಡ ಅಕ್ಷರದಲ್ಲಿ. ಆಮೇಲೆ ವರ್ಷಕ್ಕೆ ಒಂದಾದರೂ ಪುಷ್ಯ ನಕ್ಷತ್ರದ ದಿನ ನೀವೇ ಬಂದು ಅದನ್ನು ಗಟ್ಟಿಯಾಗಿ ಓದಿ. ನಿಮ್ಮ ಜೊತೆ ತಹಶೀಲ್ದಾರರು, ಗ್ರಾಮ ಆಡಳಿತಾಧಿಕಾರಿಗಳು, ನಮ್ಮಂಥ ಮಾಸ್ತರರು ಎಲ್ಲರೂ ನಿಂತು ಕೇಳಲಿ. ಅವಸರ, ಸೋಮಾರಿತನ, ದಣಿವು ಎಂಬ ಮಾತು ಬಂದಾಗ ನಾವು ನಿಮ್ಮ ಮುಖ ನೋಡುವುದಿಲ್ಲ, ಮಾತು ಕೊಡುತ್ತೇನೆ. ಎಂಟನೇ ತರಗತಿಯ ಉತ್ತರ ಪತ್ರಿಕೆಗಳು ಮೂರು ವಾರದಿಂದ ನನ್ನ ಕಪಾಟಿನಲ್ಲೇ ಇವೆ.

ಬೇವಿನ ಗಿಡ, ಕುಡಿಯುವ ನೀರು, ಕೀಲಿ ಹಾಕದ ಶೌಚಾಲಯ, ಇವನ್ನು ವಿವರಿಸಿ ಬರೆದರೆ ನಿಮಗೆ ಅವಮಾನ ಮಾಡಿದಂತೆ.

ಈ ಪತ್ರ ಬರೆಯುವಾಗ ಅವ್ವ ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಾಳೆ. ಸಾಹೇಬರಿಗೆ ನಿನ್ನದೇನಾದರೂ ಹೇಳುವುದಿದೆಯಾ ಎಂದು ಕೇಳಿದೆ. ಬಹಳ ಹೊತ್ತು ವಿಚಾರ ಮಾಡಿ ಅಂದಳು: “ಬಸ್ಸಿನ ಪಾವಟಿಗಿ ಜರಾ ತಗ್ಗಿರಲಿ ಅಂತ ಬರಿ. ಕಾಲು ಎತ್ಲಿಕ್ಕ ಆಗಂಗಿಲ್ಲ.”

ಇಂತಿ,
ತಮ್ಮ ಜಿಲ್ಲೆಯ ಒಬ್ಬ ಶಿಕ್ಷಕಿ
ಬ್ರಹ್ಮಪುರ, ಕಲಬುರಗಿ